ನಮ್ಮೂರಿನ ಕಲಾವಿದರನ್ನು ಕರೆಯೋಣವೇ?

ನಿಮ್ಮ ಮನೆಯ ಪೀಠದ ಮೇಲಿರುವ ಪಟಗಳನ್ನು ಒಮ್ಮೆ ನಿಧಾನವಾಗಿ ನೋಡಿರಿ. ಯೇಸುವಿನ ಪವಿತ್ರ ಹೃದಯ, ಸದಾ ಸಹಾಯ ಮಾತೆ, ಪಕ್ಕದಲ್ಲಿ ವೇಳಾಂಗಣಿಯಿಂದ ತಂದ ಪುಟ್ಟ ಪ್ರತಿಮೆ. ಇವುಗಳ ಮುಂದೆ ನಮ್ಮ ಅಜ್ಜಿಯರು ಜಪಸರ ಹಿಡಿದು ಅತ್ತಿದ್ದಾರೆ, ಹರಕೆ ಹೊತ್ತಿದ್ದಾರೆ. ಇವನ್ನು ಯಾರೂ ಕೆಳಗಿಳಿಸಬೇಕಾಗಿಲ್ಲ. ಆದರೆ ಇವುಗಳಲ್ಲಿ ನಮ್ಮ ಊರಿನವರು, ನಮ್ಮ ಕಾಲದವರು ಬರೆದ ಚಿತ್ರ ಒಂದಾದರೂ ಉಂಟೇ?

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಸುತ್ತಮುತ್ತ ಕಲಾವಿದರಿಗೇನೂ ಬರವಿಲ್ಲ. ಸೃಷ್ಟಿ ಕಲಾಸಂಸ್ಥೆ 1996ರಲ್ಲಿ ಆರಂಭವಾಗಿ ಯಲಹಂಕದಲ್ಲಿ ಬೆಳೆದಿದೆ. ಹೆಬ್ಬಾಳದ ಕಡೆಗೆ ಬಳ್ಳಾರಿ ರಸ್ತೆಯಲ್ಲಿ ಸೈನ್ಸ್ ಗ್ಯಾಲರಿ ಬೆಂಗಳೂರು 2024ರ ಜನವರಿಯಲ್ಲಿ ತನ್ನ ಕಟ್ಟಡವನ್ನು ತೆರೆದಾಗ ‘ಕಾರ್ಬನ್’ ಎಂಬ ವಿಷಯವನ್ನಿಟ್ಟುಕೊಂಡು ವಿಜ್ಞಾನಿಗಳನ್ನೂ ಕಲಾವಿದರನ್ನೂ ಒಂದೇ ಸೂರಿನಡಿ ಕೂಡಿಸಿತು. ನಾಳೆಯ ಭೂಮಿ ಹೇಗಿರಬೇಕೆಂದು ಒಂದು ವಿಜ್ಞಾನ ಸಂಸ್ಥೆ ಕಲಾವಿದರನ್ನು ಕೇಳುತ್ತದೆ. ವಿಶ್ವಾಸ, ನಿರೀಕ್ಷೆ, ಪ್ರೀತಿ ಎಂದು ಜ್ಞಾನೋಪದೇಶದಲ್ಲಿ ಬಾಯಿಪಾಠ ಮಾಡಿದ ನಾವು ಅವರನ್ನು ಏನು ಕೇಳಿದ್ದೇವೆ? ಹಬ್ಬಕ್ಕೆ ಕಮಾನು ಬರೆಯಿರಿ, ಗೋದಲಿಗೆ ಬಣ್ಣ ಹಚ್ಚಿರಿ ಎಂದು. ಅದೂ ಹೆಚ್ಚಾಗಿ ಪುಕ್ಕಟೆಯಾಗಿ.

ಧರ್ಮಕೇಂದ್ರದ ಸಭಾಂಗಣದಲ್ಲಿ ‘ಭರವಸೆಯ ನಾಳೆ’ ಎಂಬ ವಿಷಯದ ಮೇಲೆ ಇಂದಿನ ಕಲಾವಿದರ ಪ್ರದರ್ಶನ ನಡೆಸೋಣ ಎಂದರೆ ಬರುವ ಮೊದಲ ಆಕ್ಷೇಪಣೆ ನಿಮಗೂ ಗೊತ್ತು: “ಈಗಿನವರ ಚಿತ್ರ ನಮಗೆ ಅರ್ಥವಾಗುವುದಿಲ್ಲ, ಅದು ದೇವಾಲಯಕ್ಕೆ ಒಪ್ಪುವುದಿಲ್ಲ.” ಈ ಮಾತಿಗೆ ಧರ್ಮಸಭೆಯ ಉತ್ತರ ಹಳೆಯದು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ದೈವಾರಾಧನೆಯ ಸಂವಿಧಾನದ 123ನೇ ಪರಿಚ್ಛೇದದ ಪ್ರಕಾರ ಧರ್ಮಸಭೆ ಯಾವ ಒಂದು ಶೈಲಿಯನ್ನೂ ತನ್ನದೇ ಎಂದು ಹಿಡಿದಿಟ್ಟುಕೊಂಡಿಲ್ಲ. ಪ್ರತಿ ಕಾಲದ, ಪ್ರತಿ ಜನಾಂಗದ ಕಲೆಗೂ, ಆರಾಧನೆಗೆ ತಕ್ಕ ಗೌರವವಿದ್ದರೆ, ಅಲ್ಲಿ ಸ್ಥಳವಿದೆ. ಮರುವರ್ಷ, 1964ರ ಮೇ 7ರಂದು, ಪೋಪ್ ಆರನೇ ಪೌಲರು ಸಿಸ್ಟೀನ್ ಪ್ರಾರ್ಥನಾಲಯಕ್ಕೆ ಕಲಾವಿದರನ್ನು ಕರೆಸಿ ಅವರ ಮುಂದೆ ತಪ್ಪೊಪ್ಪಿಕೊಂಡರು. ಸ್ವಂತವಾಗಿ ಸೃಷ್ಟಿಸಬಲ್ಲ ನಿಮಗೆ ಹಿಂದಿನವರನ್ನು ಅನುಕರಿಸಿರೆಂದು ನಾವು ಕಟ್ಟುಹಾಕಿದೆವು, ಅಗ್ಗದ ಮುದ್ರಿತ ಪಟಗಳಲ್ಲೇ ತೃಪ್ತಿಪಟ್ಟೆವು ಎಂಬುದು ಅವರ ಮಾತಿನ ತಾತ್ಪರ್ಯ. ಒಬ್ಬ ಪೋಪರು ಕ್ಷಮೆ ಕೇಳಿದ ವಿಷಯದಲ್ಲಿ ನಾವು ಇನ್ನೂ ಅದೇ ಅಂಗಡಿಯ ಮುಂದೆ ನಿಂತಿದ್ದೇವೆ ಎನಿಸುವುದಿಲ್ಲವೇ?

ಈ ಪಾಠಕ್ಕೆ ರೋಮಿನವರೆಗೆ ಹೋಗಬೇಕಾಗಿಯೂ ಇಲ್ಲ. ಹೆಸರಘಟ್ಟ ರಸ್ತೆಯ ಕಡೆಗೆ ಸಿಲ್ವೆಪುರವೆಂಬ ಹಳ್ಳಿಯಿದೆ. ಹೆಸರಲ್ಲೇ ಶಿಲುಬೆಯನ್ನು ಹೊತ್ತ ಊರು. 1944ರಲ್ಲಿ ಪುಣೆಯಲ್ಲಿ ಹುಟ್ಟಿ, ಲಂಡನ್ನಿನ ಕ್ಯಾಂಬರ್‌ವೆಲ್ ಕಲಾಶಾಲೆಯಲ್ಲಿ ಕಲಿತು, ಕೇರಳದ ಕುರಿಸುಮಲ ಆಶ್ರಮದಲ್ಲಿ ಫಾದರ್ ಬೀಡ್ ಗ್ರಿಫಿತ್ಸರ ಒಡನಾಟ ಪಡೆದ ಕಲಾವಿದ ಜ್ಯೋತಿ ಸಾಹಿಯವರು 1970ರ ದಶಕದಲ್ಲಿ ಇಲ್ಲಿ ನೆಲೆಸಿದರು. ಮುಂದಿನ ದಶಕದಲ್ಲಿ ಕಲಾ ಆಶ್ರಮವನ್ನು ಕಟ್ಟಿದರು. ಅವರ ಪತ್ನಿ ಜೇನ್ ಸಾಹಿಯವರು ಅದೇ ಹಳ್ಳಿಯಲ್ಲಿ ಸೀತಾ ಶಾಲೆಯನ್ನು ನಡೆಸಿ, ಬಡ ಮಕ್ಕಳಿಗೆ ಕಲೆಯ ಮೂಲಕವೂ ಪಾಠ ಕಲಿಸಿದರು.

ಮಧ್ಯಯುಗದ ಯೂರೋಪಿನಲ್ಲಿ ತಪಸ್ಸುಕಾಲ ಬಂತೆಂದರೆ ಪೀಠದ ಮುಂದೆ ದೊಡ್ಡದೊಂದು ಬಟ್ಟೆಯನ್ನು ಇಳಿಬಿಡುತ್ತಿದ್ದರು. ಜರ್ಮನಿಯಲ್ಲಿ ಇದಕ್ಕೆ ‘ಹಸಿವಿನ ಬಟ್ಟೆ’ ಎಂಬ ಹೆಸರು. ಜರ್ಮನಿಯ ಕಥೋಲಿಕರ ಸೇವಾಸಂಸ್ಥೆ ಮಿಸೆರಿಯೋರ್ 1976ರಲ್ಲಿ ಈ ಪದ್ಧತಿಗೆ ಮರುಜೀವ ಕೊಡಲು ಹೊರಟಾಗ, ಮೊದಲ ಬಟ್ಟೆಯ ಚಿತ್ರವನ್ನು ಬರೆದವರು ಜ್ಯೋತಿ ಸಾಹಿಯವರೇ. ಆಮೇಲೆ ಇಥಿಯೋಪಿಯ, ಹೈಟಿ ಮುಂತಾದ ನಾಡುಗಳ ಕಲಾವಿದರ ಸರದಿ ಬಂತು. ಬಡ ನಾಡುಗಳ ಕಲಾವಿದರು ತಮ್ಮ ಜನರ ನೋವನ್ನೂ ನಿರೀಕ್ಷೆಯನ್ನೂ ಬಣ್ಣದಲ್ಲಿ ಬರೆದರು. ಉಳ್ಳವರ ನಾಡಿನ ಭಕ್ತರು ಅದರ ಮುಂದೆ ಕುಳಿತು ಧ್ಯಾನಿಸಿದರು.

ಅವರ ಇನ್ನೊಂದು ಕೃತಿ ‘ದಲಿತ ಮಡೋನ್ನ’. ನಮ್ಮ ಅಡಿಗೆಮನೆಯ ರುಬ್ಬುವ ಕಲ್ಲೇ ಅದರ ಮೂಲ. ಒರಳಿನ ಕುಳಿಯಲ್ಲಿ ಗುಂಡುಕಲ್ಲು ಕೂತಂತೆ ತಾಯ ಮಡಿಲಲ್ಲಿ ಮಗು. ದಿನವೂ ಹಿಟ್ಟು ರುಬ್ಬಿದ ತಾಯಂದಿರಿಗೆ ಇದನ್ನು ಯಾರು ವಿವರಿಸಬೇಕು? ‘ಅರ್ಥವಾಗದ’ ಆಧುನಿಕ ಕಲೆ ಇದು! ಆದರೆ ಈ ಚಿತ್ರವಿರುವುದು ಇಂಗ್ಲೆಂಡಿನ ಮೆಥೊಡಿಸ್ಟ್ ಸಭೆಯ ಸಂಗ್ರಹದಲ್ಲಿ. ನೆರೆಯ ಧರ್ಮಕೇಂದ್ರಗಳ ನಮ್ಮಲ್ಲಿ ಎಷ್ಟು ಮಂದಿ ಇದರ ಹೆಸರನ್ನಾದರೂ ಕೇಳಿದ್ದೇವೆ?

ಇನ್ನು ಭರವಸೆ ಎಂದರೇನು? ಸೂರ್ಯೋದಯ, ಪಾರಿವಾಳ, ನಗುವ ಮಗು ಇವೇ ಬರುವುದಾದರೆ ಪ್ರದರ್ಶನ ಬೇಡ, ಕ್ಯಾಲೆಂಡರ್ ಸಾಕು. ಪ್ರವಾದಿ ಯೆರೆಮೀಯನನ್ನು ನೆನೆಯಿರಿ (ಅಧ್ಯಾಯ 32). ಶತ್ರುಸೈನ್ಯ ಜೆರುಸಲೇಮನ್ನು ಮುತ್ತಿದೆ, ಪ್ರವಾದಿ ಸೆರೆಯಲ್ಲಿದ್ದಾನೆ. ಅಂಥ ಹೊತ್ತಿನಲ್ಲಿ ಅನಾತೋತಿನ ಹೊಲವೊಂದನ್ನು 17 ಬೆಳ್ಳಿ ನಾಣ್ಯ ತೂಗಿ ಕೊಂಡು, ಪತ್ರವನ್ನು ಮಡಕೆಯಲ್ಲಿ ಭದ್ರವಾಗಿ ಇಡಿಸುತ್ತಾನೆ. ಮುಳುಗುವ ಊರಿನಲ್ಲಿ ಜಮೀನು ಕೊಂಡವನನ್ನು ಜನ ಹುಚ್ಚನೆಂದಾರು. ದೇವರು ಹೇಳಿಕೊಟ್ಟ ಭರವಸೆ ಅದೇ. ಹಾಗಾದರೆ ಕೆರೆಗೆ ಮತ್ತೆ ತಿಳಿನೀರು ಬಂದುದನ್ನು ಬರೆಯುವವನು ಇಂದಿನ ಕೊಳಚೆಯನ್ನೂ ಬರೆಯಬೇಕಾದೀತು. ಯಶವಂತಪುರ ನಿಲ್ದಾಣದಲ್ಲಿ ಗಂಟುಮೂಟೆ ಸಮೇತ ಇಳಿಯುವ ಕೂಲಿಯ ಮಗಳು ನಾಳೆ ಏನಾಗಿರಬೇಕೆಂದು ತೋರಿಸುವ ಚಿತ್ರ ನಮಗೆ ಕೊಂಚ ಇರಿಸುಮುರಿಸನ್ನೂ ತರಬಹುದು. ತರಲಿ.

ನಡೆಸುವ ಬಗೆ ಸರಳ. ಪಾಲನಾ ಮಂಡಳಿ ಮೂರು ತಿಂಗಳು ಮುಂಚೆಯೇ ಕರೆ ಕೊಡಲಿ. ಪೀಠದ ಬಳಿ ಬೇಡ, ಸಭಾಂಗಣ ಸಾಕು. ಆರಾಧನೆಯ ಚಿತ್ರಕ್ಕೂ ಪ್ರದರ್ಶನದ ಚಿತ್ರಕ್ಕೂ ವ್ಯತ್ಯಾಸವಿದೆ. ಕಥೋಲಿಕರಲ್ಲದ ಕಲಾವಿದರನ್ನೂ ಕರೆಯಿರಿ; ಒಳ್ಳೆಯ ನಾಳೆಯನ್ನು ಬಯಸುವವರು ನಾವಷ್ಟೇ ಅಲ್ಲ. ಚೌಕಟ್ಟು, ಸಾಗಾಟದ ಖರ್ಚನ್ನು ಧರ್ಮಕೇಂದ್ರವೇ ಹೊರಲಿ, ಕೈಲಾದ ಗೌರವಧನವನ್ನೂ ಕೊಡಲಿ. ಹಬ್ಬದ ಪಟಾಕಿಗೆ, ಧ್ವನಿವರ್ಧಕಕ್ಕೆ ಹಣ ಕೂಡಿಸುವ ನಮಗೆ ಇದು ಭಾರವಲ್ಲ. ವಿಮೋಚನಾಕಾಂಡದ 31ನೇ ಅಧ್ಯಾಯದಲ್ಲಿ ದೇವರು ಬೆಚಲೇಲನೆಂಬ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆಯುತ್ತಾರೆ, ತಮ್ಮ ಆತ್ಮದಿಂದ ತುಂಬುತ್ತಾರೆ. ಕರೆಯೋಲೆಯಲ್ಲಿ ಕಲಾವಿದರ ಹೆಸರನ್ನು ತಪ್ಪಿಲ್ಲದೆ ಬರೆಯುವುದಾದರೂ ನಮ್ಮಿಂದ ಆಗಬೇಕು. ಪ್ರತಿ ಚಿತ್ರದ ಬಳಿ ಕಲಾವಿದರೇ ನಿಂತು ಪೂಜೆ ಮುಗಿಸಿ ಬಂದವರೊಡನೆ ಮಾತಾಡಲಿ. ಬಹುಮಾನದ ಸ್ಪರ್ಧೆ ಬೇಡವೆಂಬುದು ನನ್ನ ಅಭಿಪ್ರಾಯ. ಬಹುಮಾನ ಬಂದ ಕೂಡಲೇ ಎಲ್ಲರೂ ತೀರ್ಪುಗಾರರ ಮೆಚ್ಚುಗೆಗೆ ಬರೆಯತೊಡಗುತ್ತಾರೆ.

ಈ ವಾರ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಯೆರೆಮೀಯನ ಆ ಅಧ್ಯಾಯವನ್ನು ಓದಿರಿ. ಇನ್ನು 20 ವರ್ಷಗಳಲ್ಲಿ ನಮ್ಮ ಬೀದಿ ಹೇಗಿರಬೇಕೆಂದು ಮಕ್ಕಳನ್ನು ಕೇಳಿ, ಅವರ ಕೈಗೆ ಹಾಳೆ, ಬಣ್ಣ ಕೊಡಿರಿ. ಚಿತ್ರಕಲೆ ಓದುತ್ತೇನೆ ಎನ್ನುವ ಮಗ ಅಥವಾ ಮಗಳು ನಿಮ್ಮ ಮನೆಯಲ್ಲೇ ಇದ್ದರೆ, ಅನ್ನ ಹುಟ್ಟುವುದಿಲ್ಲ ಎಂದು ಗದರಿಸುವ ಮುನ್ನ ಅವರು ಬರೆದದ್ದನ್ನು ಪೂರ್ತಿ ನೋಡಿದ್ದೀರಾ?