ಬೂದಿ ಸಿಮೆಂಟನ್ನು ಬೈಯುವ ಮುನ್ನ

ಸುಳ್ಳದಲ್ಲಿ ಮನೆ ಕಟ್ಟಲು ಹೊರಟಿದ್ದೀಯ, ಒಳ್ಳೆಯದಾಗಲಿ ತಮ್ಮಾ. ಗವಂಡಿ ‘ಬೂದಿ ಸಿಮೆಂಟು ಬ್ಯಾಡ್ರಿ, 53 ಗ್ರೇಡ್ ತರಸ್ರಿ’ ಅಂದನಂತೆ. ಅಷ್ಟು ಬೇಗ ತಲೆಯಾಡಿಸಬೇಡ.

ಅದರಲ್ಲಿರುವುದು ಒಲೆಯ ಬೂದಿಯಲ್ಲ. ಶಕ್ತಿನಗರ, ಕೂಡಗಿಯಂಥ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದಾಗ ಹೊಗೆಯ ಜೊತೆ ಏಳುವ ನುಣ್ಣನೆಯ ಪುಡಿ, ಹಾರುಬೂದಿ. ತೋರಣಗಲ್ಲಿನ ಊದುಕುಲುಮೆಯ ಕಿಟ್ಟವನ್ನು ನೀರು ಹೊಡೆದು ಆರಿಸಿ ಅರೆದರೆ ಸಿಮೆಂಟಿಗೆ ಬೆರೆಸುವ ಇನ್ನೊಂದು ಪುಡಿ. ಸಿಮೆಂಟಿಗೆ ನೀರು ಬಿದ್ದಾಗ ಒಂದಿಷ್ಟು ಸುಣ್ಣ ಬಿಡುಗಡೆಯಾಗುತ್ತದೆ. ಸೋರುವ ತಾರಸಿಯ ಕೆಳಗೆ ಬಿಳಿ ಕಲೆ ಇಳಿದಿರುತ್ತದಲ್ಲ, ಅದು ಈ ಸುಣ್ಣದ್ದೇ. ಬೂದಿ ಅದನ್ನು ಹಿಡಿದು ಮತ್ತೆ ಅಂಟಾಗಿಸುತ್ತದೆ. ಸಣ್ಣ ರಂಧ್ರಗಳು ಕಟ್ಟಿಕೊಂಡು ನೀರು ಸುಲಭಕ್ಕೆ ಒಳಗಿಳಿಯುವುದಿಲ್ಲ. ಹಿಂದಿನವರು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ್ದೂ ಇದೇ ಲೆಕ್ಕದಲ್ಲಿ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಅಂಥ ಸುರ್ಕಿ ಗಾರೆ.

ಆದರೆ ಬೂದಿಯ ಕೆಲಸ ನಿಧಾನ. ಮೊದಲ ವಾರ ಬಲದಲ್ಲಿ ಹಿಂದೆ ಬೀಳುತ್ತದೆ, ತಿಂಗಳು ಕಳೆದಂತೆ ಸರಿಗಟ್ಟುತ್ತದೆ, ಎಷ್ಟೋ ಸಲ ಮೀರಿಸುತ್ತದೆ. ಗವಂಡಿಯ ತಕರಾರು ಇಲ್ಲೇ ಇರುವುದು: ಸೆಂಟ್ರಿಂಗ್ ಬೇಗ ಬಿಚ್ಚುವಂತಿಲ್ಲ, ಬಾಡಿಗೆ ಏರುತ್ತದೆ. ಕಾಂಕ್ರೀಟಿನ ಮಾನಕ ಐಎಸ್ 456 ಪ್ರಕಾರ ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ ಕ್ಯೂರಿಂಗ್, ಒಣ ಬಿಸಿಲಿದ್ದರೆ 10. ಬೂದಿ, ಕಿಟ್ಟ ಬೆರೆತದ್ದಕ್ಕೆ 14 ದಿನಕ್ಕೆ ಹಿಗ್ಗಿಸಿದರೆ ಒಳ್ಳೆಯದು. ಎರಡು ದಿನ ಪೈಪು ಹಿಡಿದು ಮೂರನೆಯ ದಿನ ಮರೆತರೆ ಮೇಲ್ಮೈ ಪುಡಿಪುಡಿಯಾಗುತ್ತದೆ, ಒಳಗಿನ ಸರಳಿಗೂ ಬೇಗ ತುಕ್ಕು. ಆಮೇಲೆ ಬೈಗುಳ ಬೂದಿಗೆ!

ಚೀಲದ ಮೇಲೆ ಐಎಸ್ 1489 ಭಾಗ 1 ಎಂದಿದ್ದರೆ ಹಾರುಬೂದಿಯದು, ನೂರಕ್ಕೆ 15ರಿಂದ 35 ಪಾಲು. ಐಎಸ್ 455 ಎಂದಿದ್ದರೆ ಕಿಟ್ಟದ್ದು. ತಯಾರಾದ ವಾರ, ವರ್ಷವನ್ನೂ ನೋಡು. ಬೂದಿ ಆಗಲೇ ಬೆರೆತಿರುವುದರಿಂದ ಮೇಲೆ ಮತ್ತೆ ಸೇರಿಸುವ ಜಾಣತನ ಬೇಡ. ಅಗ್ಗಕ್ಕೆ ಸಿಕ್ಕಿತೆಂದು ಬಾಯ್ಲರ್ ಬೂದಿಯನ್ನು ಮಿಕ್ಸರಿಗೆ ಸುರಿಯಲೇಬೇಡ. ಅದರಲ್ಲಿ ಸುಡದೆ ಉಳಿದ ಇದ್ದಲು ಇರಬಹುದು.

ನಿಮ್ಮದು ಎರೆ ಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಆಟಕ್ಕೆ ಯಾವ ಸಿಮೆಂಟೂ ಮದ್ದಲ್ಲ. ಬುನಾದಿಯ ಆಳವನ್ನು ಇಂಜಿನಿಯರಿಗೇ ಬಿಡು.

ಸ್ಲ್ಯಾಬಿಗೆ ಮುಹೂರ್ತ ಕೇಳುವ ಮೊದಲು 14 ದಿನದ ನೀರು ಎಲ್ಲಿಂದ ಬರುತ್ತದೆಂದು ನೋಡಿಕೋ. ಗೋಣಿತಾಟೂ ತರಿಸಿಡು.