ಪೈಪ್ ಮುರಿದರೆ ತಪ್ಪು ಯಾರದ್ದು?

ಕಳೆದ ಸೆಮಿಸ್ಟರ್‌ನಲ್ಲಿ ಜೂನಿಯರ್‌ಗಳ ಸಿ ಲ್ಯಾಬ್ ಅಸೈನ್‌ಮೆಂಟ್ ತಿದ್ದೋಕೆ ನಾವು ನಾಲ್ಕು ಜನ ಸೇರಿ ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಬರೆದೆವು. ಕೆಲಸ ಸರಳ: ಒಬ್ಬೊಬ್ಬರ ಪ್ರೋಗ್ರಾಂ ಅನ್ನೂ ಫೋರ್ಕ್, ಎಕ್ಸೆಕ್ ಮಾಡಿ ಓಡಿಸೋದು, ಪೈಪ್ ಮೂಲಕ ಎರಡು ಲಕ್ಷ ನಂಬರ್ ಕಳಿಸೋದು, ಅದು ಕೊಟ್ಟ ಉತ್ತರ ಸರಿ ಇದೆಯಾ ನೋಡೋದು. ಪ್ರಶ್ನೆ ಇಷ್ಟೇ: ಪಟ್ಟಿಯಲ್ಲಿ ಮೊದಲು ಬರುವ ನೆಗೆಟಿವ್ ನಂಬರ್ ಯಾವುದು?

ಹನ್ನೊಂದು ಜನರದ್ದು ಚೆನ್ನಾಗಿ ಓಡಿತು. ಹನ್ನೆರಡನೆಯದಕ್ಕೆ ಬಂದಾಗ ನಮ್ಮ ಪ್ರೋಗ್ರಾಮೇ ನಿಂತುಹೋಯ್ತು. ಎರರ್ ಮೆಸೇಜ್ ಇಲ್ಲ, ಏನಿಲ್ಲ, ಸುಮ್ಮನೆ ಪ್ರಾಂಪ್ಟ್ ವಾಪಸ್ ಬಂತು. “ಇವರ ಕೋಡ್‌ನಲ್ಲೇ ಏನೋ ಎಡವಟ್ಟಿದೆ, ಸೊನ್ನೆ ಹಾಕಿ ಮುಂದೆ ಹೋಗೋಣ” ಅಂದ ನಮ್ಮಲ್ಲೊಬ್ಬ. ಪುಣ್ಯಕ್ಕೆ ಹಾಕಲಿಲ್ಲ.

ಬ್ಯಾಶ್‌ನಲ್ಲಿ ಎಕ್ಸಿಟ್ ಸ್ಟೇಟಸ್ ನೋಡಿದರೆ 141. ಸಿಗ್ನಲ್ ಬಿದ್ದು ಸತ್ತ ಪ್ರೋಗ್ರಾಮಿಗೆ ಶೆಲ್ 128ರ ಜೊತೆ ಸಿಗ್ನಲ್ ನಂಬರ್ ಕೂಡಿಸಿ ತೋರಿಸುತ್ತದೆ. ಹಾಗಾದರೆ ಉಳಿದದ್ದು 13. ಲಿನಕ್ಸ್‌ನಲ್ಲಿ ಅದು ಸಿಗ್‌ಪೈಪ್.

ಆಗ ಆ ಕೋಡ್ ತೆಗೆದು ಓದಿದೆವು. ಉಳಿದವರೆಲ್ಲ ಎರಡು ಲಕ್ಷ ನಂಬರ್ ಪೂರ್ತಿ ಓದಿ ಆಮೇಲೆ ಹುಡುಕಿದ್ದರು. ಈ ಹುಡುಗಿ ಮಾತ್ರ ಮೊದಲ ನೆಗೆಟಿವ್ ಸಿಕ್ಕ ತಕ್ಷಣ ಉತ್ತರ ಪ್ರಿಂಟ್ ಮಾಡಿ ಹೊರಬಂದಿದ್ದಳು. ಅಂದರೆ ಎಲ್ಲರಿಗಿಂತ ಜಾಣ ಕೋಡ್ ಅದೇ! ಅವಳ ಪ್ರೋಗ್ರಾಂ ಮುಗಿದಾಗ ಪೈಪ್‌ನ ಓದುವ ತುದಿ ಮುಚ್ಚಿತು, ನಾವಿನ್ನೂ ಬರೆಯುತ್ತಲೇ ಇದ್ದೆವು. ಓದುವವರೇ ಇಲ್ಲದ ಪೈಪ್‌ಗೆ ಬರೆದರೆ ಕರ್ನಲ್ ಬರೆದವರಿಗೆ ಸಿಗ್‌ಪೈಪ್ ಕಳಿಸುತ್ತದೆ. ನಾವೇನೂ ಹೇಳದಿದ್ದರೆ ಅದರ ಪರಿಣಾಮ ಸಾವು.

ಇಷ್ಟು ಕಠಿಣ ನಿಯಮ ಯಾಕೆ? ಟರ್ಮಿನಲ್‌ನಲ್ಲಿ ‘ಯೆಸ್’ ಕಮಾಂಡನ್ನು ‘ಹೆಡ್’ಗೆ ಪೈಪ್ ಮಾಡಿ ನೋಡಿ. ಹೆಡ್ ಹತ್ತು ಸಾಲು ತೋರಿಸಿ ಹೋಗುತ್ತದೆ. ಸಿಗ್‌ಪೈಪ್ ಇರೋದರಿಂದಲೇ ಯೆಸ್ ಕೂಡ ನಿಲ್ಲುತ್ತದೆ. ಫಿಲ್ಟರ್‌ಗಳಿಗೆ ಈ ನಿಯಮ ಒಳ್ಳೆಯದೇ. ಆದರೆ ಹತ್ತಾರು ಮಕ್ಕಳ ಜೊತೆ ಮಾತಾಡುವ ಪೇರೆಂಟ್ ಪ್ರೋಗ್ರಾಂ ಒಂದು ಮಗು ಬೇಗ ಎದ್ದುಹೋಯ್ತು ಅಂತ ತಾನೇ ಸಾಯಬಾರದು.

ನಾವು ಮಾಡಿದ ಬದಲಾವಣೆಗಳು ನಾಲ್ಕು:

1. ಪೇರೆಂಟ್‌ನಲ್ಲಿ ಸಿಗ್‌ಪೈಪ್ ಅನ್ನು ಇಗ್ನೋರ್ ಮಾಡಿದೆವು. ಈಗ ‘ರೈಟ್’ ಕಾಲ್ ಮೈನಸ್ 1 ಕೊಟ್ಟು, ‘ಎರ್‌ನೋ’ದಲ್ಲಿ ‘ಈಪೈಪ್’ ಇಡುತ್ತದೆ. ರಿಟರ್ನ್ ವ್ಯಾಲ್ಯೂ ನೋಡದೆ ಬಿಟ್ಟರೆ ಇದರಿಂದ ಏನೂ ಪ್ರಯೋಜನವಿಲ್ಲ.

2. ಚೈಲ್ಡ್‌ನಲ್ಲಿ, ಎಕ್ಸೆಕ್‌ಗೆ ಮುಂಚೆ, ಸಿಗ್‌ಪೈಪ್ ಅನ್ನು ಮತ್ತೆ ಡಿಫಾಲ್ಟ್‌ಗೆ ತಂದೆವು. ಹ್ಯಾಂಡ್ಲರ್ ಹಾಕಿದ್ದರೆ ಎಕ್ಸೆಕ್ ಅದನ್ನು ಅಳಿಸುತ್ತದೆ, ಆದರೆ ‘ಇಗ್ನೋರ್’ ಹಾಗೇ ದಾಟಿಹೋಗುತ್ತದೆ. ಮರೆತರೆ ಯೆಸ್‌ನಂಥ ಪ್ರೋಗ್ರಾಮಿನ ನಡವಳಿಕೆಯೇ ಬದಲಾಗಬಹುದು.

3. ಪೇರೆಂಟ್‌ನಲ್ಲಿ ಬೇಡದ ಓದುವ ತುದಿಯನ್ನು ಫೋರ್ಕ್ ಆದಕೂಡಲೇ ಮುಚ್ಚಿದೆವು. ಅದು ತೆರೆದೇ ಇದ್ದರೆ ಕರ್ನಲ್ ಲೆಕ್ಕದಲ್ಲಿ ‘ಓದುವವರು ಇದ್ದಾರೆ’. ಆಗ ಸಿಗ್ನಲ್ಲೂ ಇಲ್ಲ, ಎರರ್ರೂ ಇಲ್ಲ. ಲಿನಕ್ಸ್ ಪೈಪ್‌ನಲ್ಲಿ ಸಾಮಾನ್ಯವಾಗಿ ಹಿಡಿಸುವುದು 65,536 ಬೈಟ್. ಅದು ತುಂಬಿದ ಮೇಲೆ ನಮ್ಮ ಪ್ರೋಗ್ರಾಂ ಸಾಯುವ ಬದಲು ಅಲ್ಲೇ ಕಾಯುತ್ತಾ ಕೂರುತ್ತದೆ.

4. ಈಪೈಪ್ ಬಂದರೆ ಬರೆಯೋದು ನಿಲ್ಲಿಸಿ, ಬರೆಯುವ ತುದಿ ಮುಚ್ಚಿ, ಚೈಲ್ಡ್ ಕೊಟ್ಟ ಉತ್ತರ ಪೂರ್ತಿ ಓದಿ, ‘ವೇಟ್‌ಪಿಡ್’ನಿಂದ ಅದರ ಸ್ಟೇಟಸ್ ತಗೊಂಡೆವು. ಮಾರ್ಕ್ಸ್ ನಿರ್ಧಾರ ಈ ಎರಡರ ಮೇಲೆ ಮಾತ್ರ.

ಇನ್ನೊಂದು ಮಾತು. ಸಣ್ಣ ಇನ್‌ಪುಟ್‌ನಲ್ಲಿ ಟೆಸ್ಟ್ ಮಾಡಿದರೆ ಈ ದೋಷ ಕಾಣದೇ ಇರಬಹುದು. ಚೈಲ್ಡ್ ಹೋಗುವ ಮೊದಲೇ ನಾವು ಬರೆದದ್ದೆಲ್ಲ ಪೈಪ್‌ನ ಬಫರ್‌ಗೆ ಸೇರಿದರೆ ರೈಟ್ ಯಶಸ್ವಿ ಅನ್ನುತ್ತದೆ. ಚೈಲ್ಡ್ ಅದನ್ನು ಓದಿದೆ ಅಂತ ಅದರ ಅರ್ಥವಲ್ಲ. ಅದಕ್ಕೇ 65,536 ಬೈಟ್‌ಗಿಂತ ದೊಡ್ಡ ಇನ್‌ಪುಟ್ ಕೊಟ್ಟು, ಏನೂ ಓದದೆ ಹೊರಹೋಗುವ ಪುಟ್ಟ ಚೈಲ್ಡ್ ಒಂದನ್ನು ಬರೆದು ಪರೀಕ್ಷಿಸಿ.

ಪೈಥಾನ್ ಬಳಸುವವರಿಗೆ ಕೆಲಸ ಸುಲಭ. ಅದು ಶುರುವಿನಲ್ಲೇ ಸಿಗ್‌ಪೈಪ್ ಇಗ್ನೋರ್ ಮಾಡಿ, ಬದಲಿಗೆ ‘ಬ್ರೋಕನ್‌ಪೈಪ್‌ಎರರ್’ ಎಸೆಯುತ್ತದೆ. ಸಬ್‌ಪ್ರೋಸೆಸ್ ಮಾಡ್ಯೂಲ್‌ನ ‘ಕಮ್ಯುನಿಕೇಟ್’ ಇನ್‌ಪುಟ್ ಕಳಿಸುವಾಗ ಬರುವ ಆ ಎರರ್ರನ್ನೂ ತಾನೇ ನುಂಗಿಕೊಳ್ಳುತ್ತದೆ.

ಕೊನೆಗೆ ಆ ಜೂನಿಯರ್‌ಗೆ ಪೂರ್ತಿ ಮಾರ್ಕ್ಸ್ ಬಂತು. ಪೈಪ್ ಮುರಿದದ್ದು ತಪ್ಪಾಗಿರಲಿಲ್ಲ, “ನನ್ನ ಕೆಲಸ ಮುಗೀತು” ಅನ್ನೋ ಸುದ್ದಿಯಾಗಿತ್ತು. ಕೇಳಿಸಿಕೊಳ್ಳಲು ತಯಾರಿಲ್ಲದೆ ಹೋದದ್ದು ನಾವು.