ಸ್ಮೃತಿಯೇ ಉಗ್ರಾಣವಾದಾಗ

ಮದುವೆಯ ಮನೆಯಲ್ಲಿ ಉಗ್ರಾಣವು ದೂರವಿದ್ದರೆ ಅಡುಗೆಯವರ ಹೊತ್ತೆಲ್ಲ ಓಡಾಟದಲ್ಲಿಯೇ ಕಳೆಯುತ್ತದೆ. ಸಾಮಗ್ರಿಯನ್ನು ಮೊದಲೇ ಒಲೆಯ ಬಳಿ ತಂದಿರಿಸಿಕೊಂಡರೆ ಕೆಲಸ ಬೇಗನೆ ಸಾಗುವುದು. ಗಣಕಯಂತ್ರದಲ್ಲಿ ಆಟವೊಂದು ತೆರೆದುಕೊಳ್ಳಲು ತಡಮಾಡಿದಾಗ ಕೆಲವರು ಹೂಡುವ ಉಪಾಯವೂ ಇಂಥದೇ. ಅದರ ಹೆಸರು ರ‍್ಯಾಮ್ ಡ್ರೈವ್. ಅದರ ಲಾಭವೆಷ್ಟು, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದನ್ನು ನಾವಿಲ್ಲಿ ವಿಚಾರಿಸೋಣ.

ಹಾರ್ಡ್ ಡಿಸ್ಕಿನೊಳಗೆ ಇರುವುದು ತಿರುಗುವ ತಟ್ಟೆ. ನಿಮಿಷಕ್ಕೆ 7,200 ಬಾರಿ ತಿರುಗುವ ತಟ್ಟೆಯ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಬೇಕು. ಬೇಕಾದ ಮಾಹಿತಿ ಎದುರಿಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಸ್ಮೃತಿಯಲ್ಲಾದರೋ, ಎಂದರೆ ರ‍್ಯಾಮ್‌ನಲ್ಲಿ, ಚಲಿಸುವ ಭಾಗವೇ ಇಲ್ಲ. ಅಮೆರಿಕದ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟು ಪಡೆದ ವಿಧಾನದಂತೆ, ಅದರ ಪ್ರತಿಯೊಂದು ಕೋಶವೂ ಒಂದು ಟ್ರಾನ್ಸಿಸ್ಟರು ಮತ್ತು ಒಂದು ಪುಟ್ಟ ಕೆಪಾಸಿಟರು. ಸೆಕೆಂಡಿನ ಕೋಟಿಯಲ್ಲೊಂದು ಪಾಲಿನ ಆಸುಪಾಸಿನಲ್ಲಿ ಮಾಹಿತಿ ದೊರೆಯುತ್ತದೆ. ತಟ್ಟೆಯ ಅರ್ಧ ಸುತ್ತೊಂದೇ ಇದರ 40,000 ಪಟ್ಟು ದೀರ್ಘ! ಸ್ಮೃತಿಯ ಒಂದು ಪಾಲನ್ನು ಗಣಕವು ಡಿಸ್ಕೆಂದೇ ಬಗೆಯುವಂತೆ ಮಾಡುವುದು ರ‍್ಯಾಮ್ ಡ್ರೈವಿನ ಕೆಲಸ. 1985ರಲ್ಲಿ ಬಂದ ಅಮಿಗಾ ಗಣಕದಲ್ಲಿಯೂ ಈ ಏರ್ಪಾಡಿತ್ತು.

ಹಾಗಾದರೆ ಆಟವೂ ಸಾವಿರಾರು ಪಟ್ಟು ಬೇಗನೆ ತೆರೆಯುವುದೇ? ಲೆಕ್ಕ ಹಾಕಿ ನೋಡೋಣ. ಆಟವೊಂದು ತೆರೆಯಲು 60 ಸೆಕೆಂಡು ಬೇಕೆಂದೂ, ಅದರಲ್ಲಿ 40 ಸೆಕೆಂಡು ಡಿಸ್ಕನ್ನು ಓದಲು ಸಲ್ಲುವುದೆಂದೂ ಇಟ್ಟುಕೊಳ್ಳಿ. ಉಳಿದ 20 ಸೆಕೆಂಡು, ಕುಗ್ಗಿಸಿಟ್ಟ ಕಡತಗಳನ್ನು ಬಿಡಿಸಿ ಅಣಿಗೊಳಿಸಲು ಪ್ರೊಸೆಸರಿಗೆ ಬೇಕಾದ ಕಾಲ. ರ‍್ಯಾಮ್ ಡ್ರೈವು 40 ಸೆಕೆಂಡನ್ನು 1ಕ್ಕೆ ಇಳಿಸಿದರೂ ಒಟ್ಟು 21 ಸೆಕೆಂಡಾಯಿತು. ಲಾಭ ಮೂರು ಪಟ್ಟಿನೊಳಗೇ ನಿಂತಿತು. ಅಕ್ಕಿ ಕೈಗೆಟುಕಿದ ಮಾತ್ರಕ್ಕೆ ಅನ್ನ ಬೇಯುವ ಕಾಲ ಕಡಮೆಯಾಗದಷ್ಟೆ. ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದ ತಿರುಳೂ ಇದೇ: ಒಂದು ಭಾಗವನ್ನು ಎಷ್ಟೇ ಚುರುಕುಗೊಳಿಸಿದರೂ ಉಳಿದ ಭಾಗವು ಮಿತಿಯನ್ನು ವಿಧಿಸುತ್ತದೆ. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಇದ್ದಲ್ಲಿ ಓದುವ ಕಾಲವೇ ಅಲ್ಪವಾದುದರಿಂದ, ಲಾಭವು ಇನ್ನೂ ಕುಗ್ಗುವುದು.

ಇದಲ್ಲದೆ, ಆಟವನ್ನು ಮೊದಲು ಸ್ಮೃತಿಗೆ ತುಂಬಬೇಕು. ಸೆಕೆಂಡಿಗೆ 150 ಮೆಗಾಬೈಟು ಓದುವ ಡಿಸ್ಕಿನಿಂದ 20 ಗಿಗಾಬೈಟು ತರಲು ಎರಡು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಪ್ರತಿ ಸಲ 39 ಸೆಕೆಂಡು ಉಳಿದರೂ, ಈ ವೆಚ್ಚ ತೀರಬೇಕಾದರೆ ಆಟವನ್ನು ನಾಲ್ಕು ಸಲ ತೆರೆಯಬೇಕಾಯಿತು.

ಇನ್ನೊಂದು ಬೆಲೆ ಇದಕ್ಕಿಂತ ದೊಡ್ಡದು. ಕೆಪಾಸಿಟರಿನ ವಿದ್ಯುದಂಶ ಸದಾ ಸೋರುತ್ತಿರುವುದರಿಂದ ಸುಮಾರು 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮರುತುಂಬಲೇಬೇಕು. ವಿದ್ಯುತ್ತು ಕಡಿದರೆ ಎಲ್ಲವೂ ಅಳಿಯಿತು. ಆಟದ ಕಡತಗಳ ಮೂಲಪ್ರತಿ ಡಿಸ್ಕಿನಲ್ಲಿರುತ್ತದೆ, ಅದಕ್ಕೆ ಚಿಂತೆಯಿಲ್ಲ. ಆದರೆ ನಾವು ಆಡಿ ಗಳಿಸಿದ ಪ್ರಗತಿಯನ್ನೋ ಬರೆದ ಪ್ರಬಂಧವನ್ನೋ ಅಲ್ಲಿಯೇ ಬಿಟ್ಟಿದ್ದರೆ ಅದು ಮರಳಿ ಬಾರದು. ಅಂಥವನ್ನು ಡಿಸ್ಕಿನಲ್ಲಿಯೇ ಇರಿಸತಕ್ಕದ್ದು.

ಓದುಗರು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಹಾರ್ಡ್ ಡಿಸ್ಕಿರುವ ಗಣಕದಲ್ಲಿ ಒಂದು ಆಟವನ್ನು ತೆರೆದು, ಮುಚ್ಚಿ, ಕೂಡಲೇ ಮತ್ತೆ ತೆರೆಯಿರಿ. ಎರಡು ಸಲವೂ ಕಾಲವನ್ನು ಅಳೆಯಿರಿ. ಬಿಡುವಾದ ಸ್ಮೃತಿ ಸಾಕಷ್ಟಿದ್ದರೆ ಎರಡನೆಯ ಸಲ ಬೇಗನೆ ತೆರೆಯುವುದು. ಆಗತಾನೆ ಓದಿದ ಕಡತಗಳನ್ನು ಗಣಕವು ತಾನಾಗಿಯೇ ಅಲ್ಲಿ ಉಳಿಸಿಕೊಂಡಿರುತ್ತದೆ. ಜಾಣ ಅಡುಗೆಯವರಂತೆ, ಹೇಳದೆಯೇ ಅದು ಸಾಮಗ್ರಿಯನ್ನು ಒಲೆಯ ಬಳಿ ಇರಿಸಿಕೊಂಡಿದೆ!